ಅಗ್ಗದ ಮೆಟಲ್ ಡಿಟೆಕ್ಟರ್ ಮತ್ತು ಆಪಾಳ ಓಲೆ

ದಟ್ಟಗಳ್ಳಿಯಲ್ಲಿ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಆಪಾಳ ಒಂದು ಚಿನ್ನದ ಓಲೆ ಬಿದ್ದುಹೋಯಿತು. ಮಾಮು ಹವ್ಯಾಸಕ್ಕೆಂದು ಕೊಂಡಿದ್ದ ಅಗ್ಗದ ಮೆಟಲ್ ಡಿಟೆಕ್ಟರ್ ತಂದು ಎರಡು ಸಂಜೆ ಹುಡುಕಿದೆ. ಸಿಗಲಿಲ್ಲ. ತಪ್ಪು ಯಂತ್ರದ್ದಲ್ಲ, ನನ್ನದು.

ಕಾಯಿಲ್‌ನ ಕಾಂತಕ್ಷೇತ್ರ ಮಣ್ಣಿನಲ್ಲಿರುವ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿಸುತ್ತದೆ. ಅದನ್ನು ಗುರುತಿಸಿ ಯಂತ್ರ ಸದ್ದು ಮಾಡುತ್ತದೆ. ಮೊಳೆ, ತಗಡು ಬೇಡವೆಂದು ನಾನು ಡಿಸ್ಕ್ರಿಮಿನೇಷನ್ ಗುಂಡಿಯನ್ನು ಪೂರ್ತಿ ತಿರುಗಿಸಿದ್ದೆ. ಸಣ್ಣ ಚಿನ್ನದ ಸಂಕೇತ ಚಾಕೊಲೇಟ್ ಸುತ್ತಿದ ಹಾಳೆಯ ಸಂಕೇತದಂತೆಯೇ ದುರ್ಬಲ. ಕಸದ ಲೆಕ್ಕದಲ್ಲಿ ಅದೂ ಹೋಯಿತು! ನಮ್ಮ ಒಂದು ರೂಪಾಯಿ ನಾಣ್ಯವೂ ಹೀಗೆ ತಪ್ಪಿಸಿಕೊಳ್ಳಬಹುದು. ಅದು ಅಯಸ್ಕಾಂತಕ್ಕೆ ಅಂಟುವ ಉಕ್ಕು, ನೋಡಿ.

ಮೂರನೆಯ ದಿನ ಗುಂಡಿಯನ್ನು ಸೊನ್ನೆಗೆ ತಂದೆ. ಜೋಡಿಯ ಇನ್ನೊಂದು ಓಲೆಯನ್ನು ನೆಲದ ಮೇಲಿಟ್ಟು ಅದರ ಸದ್ದು ಕಿವಿಗೆ ಹಿಡಿಸಿಕೊಂಡೆ. ಸೈಟಿಗೆ ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ, ಕಾಯಿಲ್ ನೆಲಕ್ಕೆ ತಾಗಿದಷ್ಟೇ ಹತ್ತಿರ ಹಿಡಿದು ನಿಧಾನ ಬೀಸಿದೆ.

ಶ್ರೀರಂಗಪಟ್ಟಣದ ಕೋಟೆಗೆ ಇದನ್ನು ಒಯ್ಯೋಣವೆಂದ ಗೆಳೆಯರಿಗೆ ಒಂದು ಮಾತು: ಅದು ಸಂರಕ್ಷಿತ ಸ್ಮಾರಕ. ಬೇರೆಡೆ ಮಣ್ಣಿನಲ್ಲಿ ಹುದುಗಿದ್ದ ನಿಧಿ ಸಿಕ್ಕರೂ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಓಲೆ ಏಳನೆಯ ಪಟ್ಟಿಯಲ್ಲಿ ಸಿಕ್ಕಿತು. ತಿರುಪು ಇನ್ನೂ ಸಿಕ್ಕಿಲ್ಲ.