ಹಳೆಯ ಪ್ರೋಗ್ರಾಂ ಓಡಿದರೆ ಸಾಲದು

ಮಗೂ, ಹೊಸ ಪ್ರೊಸೆಸರ್‌ಗೆ ಆಪರೇಟಿಂಗ್ ಸಿಸ್ಟಮ್ ಹೊಂದಿಸುವ ಕೆಲಸಕ್ಕೆ ಸೇರುತ್ತಿದ್ದೀಯ. ‘ಈ ಚಿಪ್ ಹಳೆಯದಕ್ಕೆ ಹೊಂದುತ್ತದೆ’ ಎಂಬ ಮಾತನ್ನು ದಿನವೂ ಕೇಳುತ್ತೀಯ. ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂದು ವಿಚಾರಿಸದೆ ಅದನ್ನು ನಂಬಬೇಡ.

2003ರ ಏಪ್ರಿಲ್‌ನಲ್ಲಿ ಎಎಂಡಿಯ ಆಪ್ಟೆರಾನ್ ಬಂತು. ಚಿಪ್ 64 ಬಿಟ್‌ನದು, ಆದರೂ 32 ಬಿಟ್‌ನ ಹಳೆಯ ವಿಂಡೋಸ್ ಅದರ ಮೇಲೆ ಸಲೀಸಾಗಿ ಓಡಿತು. ಆದರೆ ಹಾಗೆ ಓಡಿಸಿದವರಿಗೆ ಚಿಪ್ಪಿನ ಹೊಸ ರಿಜಿಸ್ಟರುಗಳೂ ದಕ್ಕಲಿಲ್ಲ, 64 ಬಿಟ್ ವಿಳಾಸಗಳೂ ದಕ್ಕಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಶಕ್ತಿಯನ್ನು ಬಳಕೆಗೆ ತರಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಈ ಚಿಪ್ಪಿಗೆ ಹೊಂದುವ ವಿಂಡೋಸ್ ಎಕ್ಸ್‌ಪಿಯ 64 ಬಿಟ್ ಆವೃತ್ತಿ ಬಂದದ್ದು 2005ರಲ್ಲಿ. ಲಿನಕ್ಸ್‌ನವರು ಹಾಗೆ ಕಾದು ಕೂರಲಿಲ್ಲ. ಚಿಪ್ ಕೈಗೆ ಸಿಗುವ ಮೊದಲೇ ಸಿಮ್ಯುಲೇಟರ್ ಮೇಲೆ ಕರ್ನೆಲ್ ಎಬ್ಬಿಸಿದ್ದರು. ನೀನೂ ಹಾಗೆಯೇ ಮೊದಲೇ ಶುರುಮಾಡು.

ಡ್ರೈವರ್‌ಗಳ ಪಟ್ಟಿಯನ್ನು ಮೊದಲ ದಿನವೇ ಬರೆದುಕೋ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಓಡಬಹುದು, 32 ಬಿಟ್ ಡ್ರೈವರ್ ಓಡದು. ಹಲವು ಡ್ರೈವರ್‌ಗಳು ಕರ್ನೆಲ್‌ನ ಒಳಗೇ ಕೆಲಸಮಾಡುತ್ತವೆ, ಕರ್ನೆಲ್‌ನ ಅಳತೆಗೇ ಇರಬೇಕು. ಒಂದು ಡ್ರೈವರ್ ಬರೆಯದೆ ಬಿಟ್ಟರೆ ಯಾರದೋ ಅಂಗಡಿಯಲ್ಲಿ ಚೆನ್ನಾಗಿರುವ ಪ್ರಿಂಟರ್ ಮೂಲೆ ಸೇರುತ್ತದೆ.

ಕೋಡ್ ಬರೆಯುವಾಗ ಯಂತ್ರದ ಅಳತೆಯನ್ನು ಊಹಿಸಬೇಡ. 64 ಬಿಟ್ ಲಿನಕ್ಸ್‌ನಲ್ಲಿ ಸಿ ಭಾಷೆಯ ‘ಲಾಂಗ್’ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಪಾಯಿಂಟರ್ ಎರಡರಲ್ಲೂ 8 ಬೈಟ್. ಅದನ್ನು ‘ಲಾಂಗ್’ನಲ್ಲಿ ತುಂಬಿಟ್ಟ ಕೋಡ್ ಒಂದು ಕಡೆ ಓಡಿ ಇನ್ನೊಂದು ಕಡೆ ಬೀಳುತ್ತದೆ.

ಈಗ ರಿಸ್ಕ್-ಫೈವ್ ಕಾಲ. ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಎರಡೂ ಅದೇ ಸೂಚನಾ ಸೆಟ್‌ನ ಮೇಲೆ ನಿಂತ ನಮ್ಮ ದೇಶದ ಪ್ರೊಸೆಸರ್‌ಗಳು. ಇಲ್ಲಿ ಮೂಲ ಸೂಚನೆಗಳು ಕೆಲವೇ, ವೆಕ್ಟರ್‌ನಂಥ ಹಲವು ವಿಸ್ತರಣೆಗಳು ಐಚ್ಛಿಕ. ಹೆಸರು ಒಂದೇ ಆದರೂ ಒಂದು ಚಿಪ್ಪಿನಲ್ಲಿರುವುದು ಮತ್ತೊಂದರಲ್ಲಿ ಇಲ್ಲದಿರಬಹುದು. ಇಲ್ಲದ ಸೂಚನೆ ಕೊಟ್ಟರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಏನಿದೆ ಎಂದು ಮೊದಲು ತಿಳಿದುಕೋ, ಆಮೇಲೆ ಬಳಸು. ಇಲ್ಲದಿದ್ದಾಗ ಹಿಡಿಯುವ ದಾರಿಯನ್ನೂ ಬರೆದಿಡು.

ಇಟಾನಿಯಂ ಕಥೆಯನ್ನೂ ಓದು. 2001ರಲ್ಲಿ ಬಂದ ಆ ಚಿಪ್ ಮೇಲೆ ಹಳೆಯ ಎಕ್ಸ್86 ಪ್ರೋಗ್ರಾಂಗಳು ತೆವಳಿದವು. ಲಿನಕ್ಸ್ ಕೂಡ 6.7ನೇ ಆವೃತ್ತಿಯಲ್ಲಿ ಅದರ ಕೈಬಿಟ್ಟಿತು. ಜನ ತಮ್ಮ ವರ್ಷಗಳ ಕೆಲಸವನ್ನು ಬಿಟ್ಟು ಹೊಸ ಚಿಪ್ಪಿನ ಹಿಂದೆ ಬರುವುದಿಲ್ಲ. ಅವರ ಹಳೆಯ ಕೆಲಸವನ್ನು ಉಳಿಸಿಕೊಡು, ಹೊಸ ಚಿಪ್ಪಿನ ಶಕ್ತಿಯನ್ನೂ ಅವರ ಕೈಗೆ ಮುಟ್ಟಿಸು. ಎರಡೂ ಆದಾಗಲೇ ‘ಹೊಂದುತ್ತದೆ’ ಎಂದು ಸಹಿ ಹಾಕು.