ಹನ್ನೆರಡು ಬಾಟಲಿಯ ವೈನ್ ಸಂಗ್ರಹ

ವೈನ್ ಹಳೆಯದಾದಷ್ಟೂ ರುಚಿ ಎಂಬ ನಂಬಿಕೆಯಿಂದ ಮನೆಗಳಲ್ಲಿ ಹಾಳಾಗುವ ಬಾಟಲಿಗಳಿಗೆ ಲೆಕ್ಕವಿಲ್ಲ. ಮದುವೆಗೆ ಉಡುಗೊರೆಯಾಗಿ ಬಂದ ಬಿಳಿ ವೈನನ್ನು ಶೋಕೇಸಿನಲ್ಲಿ ನಿಲ್ಲಿಸಿ ಹತ್ತನೇ ವರ್ಷದ ವಾರ್ಷಿಕೋತ್ಸವಕ್ಕೆ ತೆರೆದರೆ, ಲೋಟಕ್ಕೆ ಬೀಳುವುದು ಕಂದು ಬಣ್ಣಕ್ಕೆ ತಿರುಗಿದ, ಪರಿಮಳವೆಲ್ಲ ಆರಿಹೋದ ಹುಳಿನೀರು. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಸಾವಿರ ರೂಪಾಯಿಯ ಆಸುಪಾಸಿನವಂತೂ ಹೆಚ್ಚುಕಡಿಮೆ ಎಲ್ಲವೂ ಆ ಜಾತಿಯವೇ. ಹಾಗಾಗಿ ಹದಿನೈದು ಸಾವಿರ ರೂಪಾಯಿಯಲ್ಲಿ ಸಂಗ್ರಹ ಶುರುಮಾಡುವವರು ಅರ್ಧ ಬಾಟಲಿಗಳನ್ನು ಈ ವರ್ಷವೇ ಕುಡಿಯಲು, ಇನ್ನರ್ಧವನ್ನು ಮಾತ್ರ ಮಾಗಲೆಂದು ಕಾಯಿಸಿಡಲು ಕೊಳ್ಳುವುದು ಜಾಣತನ.

ಮೊದಲು ಜಾಗ

ವೈನಿಗೆ ಒಗ್ಗುವ ಉಷ್ಣತೆ 12ರಿಂದ 14 ಡಿಗ್ರಿ ಸೆಲ್ಸಿಯಸ್. ಯುರೋಪಿನ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಇದು ಪುಕ್ಕಟೆ ಸಿಗುತ್ತದೆ, ನಮ್ಮಲ್ಲಿ ದುಡ್ಡು ಕೊಡಬೇಕು. 25 ಡಿಗ್ರಿ ದಾಟಿದರೆ ವೈನಿಗೆ ಬೇಗ ಮುಪ್ಪು ಬರುತ್ತದೆ. 30ರ ಮೇಲೆ ಕೆಲವು ವಾರ ಕಳೆದರೆ ತಾಜಾ ಹಣ್ಣಿನ ಪರಿಮಳ ಹೋಗಿ ಬೇಯಿಸಿದ ಜಾಮಿನ ವಾಸನೆ ಬರುತ್ತದೆ. ಸೆಕೆಯಂತೆಯೇ ಹಾನಿ ಮಾಡುವುದು ಹಗಲು ಕಾದು ರಾತ್ರಿ ತಣಿಯುವ ಏರಿಳಿತ. ಬಿಸಿಗೆ ಹಿಗ್ಗಿದ ವೈನ್ ಕಾರ್ಕನ್ನು ಹೊರಗೆ ನೂಕುತ್ತದೆ, ತಣಿದಾಗ ಸಂದಿನಿಂದ ಗಾಳಿ ಒಳಗೆ ಹೋಗುತ್ತದೆ.

ಬಾಟಲಿ ಕೊಳ್ಳುವ ಮೊದಲು ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ಮನಸ್ಸಿನಲ್ಲಿರುವ ಜಾಗದಲ್ಲಿ ಒಂದು ವಾರ ಇಟ್ಟು ನೋಡಿ. ಏಪ್ರಿಲ್ ತಿಂಗಳಾದರೆ ಪರೀಕ್ಷೆ ಇನ್ನೂ ಖಚಿತ. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಬಿಸಿಲು ತಾಗದ ಒಳಗೋಡೆಯ ಬೀರುವಿನ ಕೆಳಗಿನ ಅರೆ, ಮೆಟ್ಟಿಲ ಕೆಳಗಿನ ಗೂಡು ಪರವಾಗಿಲ್ಲ. ಅಟ್ಟದ ಮೇಲೆ ಮಾತ್ರ ಬೇಡ. ಕಾದ ಆರ್‌ಸಿಸಿ ಛಾವಣಿಯ ಬಿಸಿಯೆಲ್ಲ ಮೊದಲು ಅಲ್ಲಿಗೇ ಇಳಿಯುತ್ತದೆ. ಒಲೆಯ ಪಕ್ಕ, ಫ್ರಿಜ್ಜಿನ ತಲೆಯ ಮೇಲೆ, ಕಿಟಕಿಯ ಹತ್ತಿರವೂ ಬೇಡ. ಬೆಳಕೂ ವೈನಿನ ವೈರಿ. ಮೀನು ಸಾಗಿಸುವಂಥ ದಪ್ಪ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಬಾಟಲಿ ಮಲಗಿಸಿ, ಅದನ್ನು ಬೀರುವಿನಲ್ಲಿಟ್ಟರೆ ಏರಿಳಿತ ಎಷ್ಟೋ ತಗ್ಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಗೆ ಈ ಉಪಾಯ ಸಾಲದು. ಅಲ್ಲಿನವರು ವೈನಿಗೆಂದೇ ಇರುವ ಫ್ರಿಜ್ಜು, ಅಂದರೆ ಚಿಲ್ಲರ್, ಇಲ್ಲದೆ ವರ್ಷಗಟ್ಟಲೆ ಕಾಯಿಸುವ ಯೋಚನೆ ಬಿಟ್ಟು, ಆಗಾಗ ಸ್ವಲ್ಪ ಸ್ವಲ್ಪ ಕೊಂಡು ಮುಗಿಸುವುದೇ ಲೇಸು.

ಚಿಲ್ಲರ್ ಕೊಳ್ಳುವುದಾದರೆ ಕಂಪ್ರೆಸರ್ ಇರುವುದನ್ನೇ ಆರಿಸಿ. ಥರ್ಮೋಎಲೆಕ್ಟ್ರಿಕ್ ಎಂಬ ಅಗ್ಗದ ಮಾದರಿಗಳು ಕೋಣೆಯ ಉಷ್ಣತೆಗಿಂತ ಇಂತಿಷ್ಟು ಡಿಗ್ರಿ ಮಾತ್ರ ಇಳಿಸಬಲ್ಲವು. ಕೋಣೆಯೇ 34 ಡಿಗ್ರಿ ಇರುವಾಗ ಏದುಸಿರು ಬಿಡುತ್ತವೆ. ಮನೆಯ ಫ್ರಿಜ್ಜು ಕೆಲವು ತಿಂಗಳಿಗೆ ಅಡ್ಡಿಯಿಲ್ಲ, ವರ್ಷಗಟ್ಟಲೆ ಇಟ್ಟರೆ ಒಣಗಾಳಿಗೆ ಕಾರ್ಕ್ ಕುಗ್ಗುತ್ತದೆ. ಕಾರ್ಕ್ ಇರುವ ಬಾಟಲಿಯನ್ನು ಯಾವಾಗಲೂ ಮಲಗಿಸಿಡಿ. ತಿರುಪು ಮುಚ್ಚಳದ್ದು ನಿಂತೇ ಇರಲಿ.

ಕಾನೂನಿನ ಮಾತು

ಹನ್ನೆರಡು ಬಾಟಲಿ ಎಂದರೆ 9 ಲೀಟರ್. ಮನೆಯಲ್ಲಿ ಎಷ್ಟು ಲೀಟರ್ ಇಟ್ಟುಕೊಳ್ಳಬಹುದು ಎಂಬುದಕ್ಕೆ ಅಬಕಾರಿ ನಿಯಮದ ಮಿತಿ ಇದೆ, ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಂಗ್ರಹ ಬೆಳೆಸುವ ಮೊದಲು ಅಬಕಾರಿ ಇಲಾಖೆಯಲ್ಲಿ ಇಂದಿನ ಮಿತಿ ಕೇಳಿಕೊಳ್ಳಿ, ಪ್ರತಿ ಬಾಟಲಿಯ ಬಿಲ್ಲು ಎತ್ತಿಡಿ. ಗೋವಾದಲ್ಲಿ ಅಗ್ಗ ಎಂದು ಪರವಾನಗಿ ಇಲ್ಲದೆ ಡಿಕ್ಕಿ ತುಂಬಿಸಿಕೊಂಡು ಬರುವುದು ಚೆಕ್‌ಪೋಸ್ಟಿನಲ್ಲಿ ದುಬಾರಿಯಾದೀತು.

ಮಾಗಲು ಬಿಟ್ಟರೆ ಏನಾಗುತ್ತದೆ?

ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಇರುತ್ತದೆ. ಹಸಿ ಅಡಿಕೆ ಅಗಿದಾಗ ನಾಲಿಗೆ ಹಿಡಿದುಕೊಳ್ಳುವಂಥ ಒಗರು ಅದರದ್ದೇ. ವರ್ಷ ಕಳೆದಂತೆ ಈ ಒಗರು ಮೆದುವಾಗುತ್ತದೆ. ಹಣ್ಣಿನ ರುಚಿ ತಗ್ಗಿ ತೊಗಲು, ತಂಬಾಕು, ಒಣಹಣ್ಣಿನ ಛಾಯೆ ಏಳುತ್ತದೆ. ಬಿಳಿ ವೈನನ್ನು ಕಾಪಾಡುವುದು ಹುಳಿ ಮತ್ತು ಸಿಹಿ. ಒಗರೂ ಇಲ್ಲದ, ಹುಳಿಯೂ ಸಾಲದ ವೈನ್ ಕಾಯಿಸಿದರೆ ಸೊರಗುತ್ತದೆಯೇ ಹೊರತು ಮಾಗುವುದಿಲ್ಲ. ಅಂಗಡಿಯವನ ವರ್ಣನೆಗಿಂತ ನಿಮ್ಮ ನಾಲಿಗೆಯೇ ಇಲ್ಲಿ ಹೆಚ್ಚು ನಂಬಿಕಸ್ಥ: ಒಂದು ಬಾಟಲಿ ತಂದು ಆ ವಾರವೇ ತೆರೆಯಿರಿ. ಹಣ್ಣು ತುಂಬಿದ್ದೂ ಒಗರು ಇನ್ನೂ ಒರಟಾಗಿದೆ ಎನಿಸಿದರೆ ಅದೇ ವೈನಿನ ಇನ್ನು ಮೂರನ್ನು ಕಾಯಿಸಲು ತನ್ನಿ.

ಹದಿನೈದು ಸಾವಿರ ಹೀಗೆ ಹಂಚಿ

ಮೊದಲ ಆರು ಬಾಟಲಿಗೆ ಐದೂವರೆ ಸಾವಿರ. ಇವು ದಿನಬಳಕೆಯವು. ನಾಸಿಕ್ ಕಡೆಯ ಶೆನಿನ್ ಬ್ಲಾಂಕ್, ಸೋವಿನ್ಯೋನ್ ಬ್ಲಾಂಕ್ ಎರಡೆರಡು, ಹಗುರವಾದ ಕೆಂಪು ಒಂದೆರಡು. ನಮ್ಮಲ್ಲಿ ವೈನ್ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್ ಸುಮಾರಿಗೆ. ಆ ವರ್ಷದ ಬಿಳಿ ವೈನ್ ಅದೇ ವರ್ಷ ಅಂಗಡಿಗೆ ಬರುವುದುಂಟು. ಚೀಟಿಯಲ್ಲಿ ಕೊಯ್ಲಿನ ವರ್ಷ ನೋಡಿ, ಇದ್ದುದರಲ್ಲಿ ಹೊಸತನ್ನೇ ಎತ್ತಿಕೊಳ್ಳಿ. ತುಸು ಸಿಹಿ ಉಳಿಸಿದ ಶೆನಿನ್ ನಮ್ಮ ಖಾರದ ಕೋಳಿ ಸುಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ, ಒಗರಿನ ಕೆಂಪು ವೈನ್ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ‘ಪೋರ್ಟ್’ ಇಷ್ಟವಿದ್ದರೆ ಅದನ್ನೂ ಈ ಗುಂಪಿಗೇ ಸೇರಿಸಿ. ಅದು ಕಾಯಿಸುವ ಸರಕಲ್ಲ.

ಮುಂದಿನ ಮೂರಕ್ಕೆ ನಾಲ್ಕೂವರೆ ಸಾವಿರ: ಒಂದೇ ಕೆಂಪು ವೈನಿನ, ಒಂದೇ ವರ್ಷದ ಮೂರು ಬಾಟಲಿ. ನನ್ನ ಆಯ್ಕೆ ನಂದಿ ಬೆಟ್ಟದ ಸೀಮೆಯದು. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1988ರಲ್ಲಿ ಕಟ್ಟಿದ ವೈನರಿಯ ‘ಲಾ ರಿಸರ್ವ್’ ಎಂಬ ಕೆಂಪು, ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ್ದು. ಎತ್ತರದ ಈ ಸೀಮೆಯ ತಂಪು ರಾತ್ರಿಗಳು ದ್ರಾಕ್ಷಿಯ ಹುಳಿಯನ್ನು ಉಳಿಸುತ್ತವೆ. ಸರಿಯಾಗಿ ಇಟ್ಟರೆ ಮೂರ್ನಾಲ್ಕು ವರ್ಷ ತಡೆಯುವ ಕಸುವು ಅದಕ್ಕಿದೆ. ಹಂಪಿ ಸೀಮೆಯ ಕೃಷ್ಮಾ ಎಸ್ಟೇಟಿನ ಕ್ಯಾಬರ್ನೆಯೂ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾಟೆಲ್ಲಿಯವರ ‘ಸೆಟ್ಟೆ’ಯೂ ಕಾಯಿಸಲು ತಕ್ಕವು. ಬೆಲೆ ಮೇಲಿನದು, ಎರಡನೇ ವರ್ಷಕ್ಕಿರಲಿ.

ಉಳಿದ ಐದು ಸಾವಿರದಲ್ಲಿ ಮೂರು ಹೊರದೇಶದವು. ಇಲ್ಲಿ ಸುಂಕದ ಲೆಕ್ಕ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಆಮದು ವೈನಿನ ಮೇಲೆ ಬಹುಕಾಲದಿಂದ ಇದ್ದ ಕಸ್ಟಮ್ಸ್ ಸುಂಕ ಶೇ 150. ಆಸ್ಟ್ರೇಲಿಯಾದೊಂದಿಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ ಕೊನೆಗೆ ಜಾರಿಯಾದಾಗ, ಆಮದು ಬೆಲೆ 5 ಡಾಲರ್ ದಾಟುವ ಬಾಟಲಿಗಳ ಸುಂಕ ಶೇ 100ಕ್ಕೂ, 15 ಡಾಲರ್ ದಾಟುವವುಗಳದ್ದು ಶೇ 75ಕ್ಕೂ ಇಳಿಯಿತು. ಮುಂದೆ ಹಂತಹಂತವಾಗಿ ಇನ್ನೂ ಇಳಿಯಬೇಕು. ಸುಂಕ ಸುರಿಯುವ ಬದಲು ವೈನಿಗೇ ಹೆಚ್ಚು ಪಾಲು ಹೋಗುವಂತೆ ಕೊಳ್ಳಬೇಕಾದರೆ ಆಸ್ಟ್ರೇಲಿಯಾದ ಕಡೆ ಮೊದಲು ನೋಡಿ: ಬರೋಸಾ ಅಥವಾ ಮೆಕ್‌ಲಾರೆನ್ ವೇಲ್‌ನ ಶಿರಾಜ್, ಸಿಕ್ಕರೆ ಕ್ಲೇರ್ ಕಣಿವೆಯ ರೀಸ್ಲಿಂಗ್. ಎಳೆಯದರಲ್ಲಿ ನಿಂಬೆಯ ಪರಿಮಳ, ಮಾಗಿದ ಮೇಲೆ ಜೇನು, ಸುಟ್ಟ ಬ್ರೆಡ್ಡು, ಚೂರು ಸೀಮೆಎಣ್ಣೆ! ಮೂಗು ಮುರಿಯಬೇಡಿ, ರೀಸ್ಲಿಂಗಿನ ಗುಣವೇ ಅದು. ಅದರ ತಿರುಪು ಮುಚ್ಚಳ ಕಂಡು ಅಗ್ಗದ್ದೆಂದು ಭಾವಿಸಬೇಡಿ. 2000ದ ಕೊಯ್ಲಿನಿಂದ ಕ್ಲೇರ್‌ನ ಹಲವು ತಯಾರಕರು ಒಟ್ಟಾಗಿ, ಕಾರ್ಕಿನ ದೋಷ ತಪ್ಪಿಸಲೆಂದೇ ಅದಕ್ಕೆ ಬದಲಾದರು.

ಮೂರರಲ್ಲಿ ಒಂದು ಸ್ಪೇನಿನ ರಿಯೋಹಾ ‘ರಿಸರ್ವಾ’ ಆಗಿರಲಿ. ಆ ಹೆಸರು ಪಡೆಯಲು ಕೆಂಪು ವೈನ್ ಕನಿಷ್ಠ ಮೂರು ವರ್ಷ, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ, ತಯಾರಕರ ಬಳಿಯೇ ಮಾಗಿರಬೇಕೆಂಬ ನಿಯಮವಿದೆ. ಕಾಯುವ ಕೆಲಸವನ್ನು ತಂಪು ನೆಲಮಾಳಿಗೆ ಇರುವವರೇ ಮುಗಿಸಿ ಕೊಡುತ್ತಾರೆ. ಸೆಕೆಯ ಊರಿನವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಕಾಣೆ.

ಅಂಗಡಿಯಲ್ಲಿ ಬಾಟಲಿ ಹಿಡಿದು ನೋಡಿ

ಬೋರ್ಡಿನಲ್ಲಿ ‘ವೈನ್ಸ್’ ಎಂದಿದ್ದರೂ ಒಳಗೆ ವಿಸ್ಕಿ, ಬ್ರಾಂದಿಯದೇ ರಾಜ್ಯ. ವೈನ್ ಬಾಟಲಿಗಳು ಮೇಲಿನ ಅರೆಯಲ್ಲಿ ದೀಪದ ಕೆಳಗೆ ಧೂಳು ತಿನ್ನುತ್ತಿರುತ್ತವೆ. ಅಂಥಲ್ಲಿ ಕೊಳ್ಳಬೇಡಿ. ಎಸಿ ಇರುವ, ಸರಕು ಬೇಗ ಖಾಲಿಯಾಗುವ ಅಂಗಡಿ ಹುಡುಕಿ. ರಾಜ್ಯದ 2007ರ ದ್ರಾಕ್ಷಾರಸ ನೀತಿಯ ನಂತರ ಬಂದ ವೈನ್ ಬೊಟಿಕ್‌ಗಳು, ಆಗಾಗ ನಡೆಯುವ ದ್ರಾಕ್ಷಾರಸ ಉತ್ಸವಗಳು ರುಚಿ ನೋಡಿ ಕೊಳ್ಳಲು ಅನುಕೂಲ. ಬಾಟಲಿ ಕೈಗೆ ತಗೊಂಡಾಗ ಮೂರು ವಿಷಯ ಗಮನಿಸಿ: ಕಾರ್ಕ್ ಕತ್ತಿನಿಂದ ಉಬ್ಬಿದೆಯೇ, ಮುಚ್ಚಳದ ಸುತ್ತ ಅಂಟು ಸೋರಿದೆಯೇ, ಕತ್ತಿನಲ್ಲಿ ವೈನಿನ ಮಟ್ಟ ಪಕ್ಕದ ಬಾಟಲಿಗಿಂತ ಕೆಳಗಿದೆಯೇ. ಒಂದು ಕಂಡರೂ ಹಿಂದಿರುಗಿಸಿ. ಕೊಂಡ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಸಿನಿಮಾಗೆ ಹೋಗಬೇಡಿ.

ಲೆಕ್ಕ ಬರೆದಿಡಿ

ಬಾಟಲಿಯ ಕತ್ತಿಗೆ ಚೀಟಿ ಕಟ್ಟಿ: ಕೊಂಡ ತಿಂಗಳು, ಬೆಲೆ, ತೆರೆಯಬೇಕಾದ ವರ್ಷ. ಇಷ್ಟು ಮಾಡದಿದ್ದರೆ ನೆಂಟರು ಬಂದ ರಾತ್ರಿ ಕೈಗೆ ಸಿಕ್ಕಿದ್ದು ಖಾಲಿಯಾಗುತ್ತದೆ. ಕೆಂಪು ವೈನನ್ನು ಕುಡಿಯುವ ಮೊದಲು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ನಮ್ಮ ಕೋಣೆಯ 28 ಡಿಗ್ರಿಯಲ್ಲಿ ಆಲ್ಕೋಹಾಲಿನ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ, 16ರಿಂದ 18 ಡಿಗ್ರಿ ಹದ. ಉಳಿದದ್ದಕ್ಕೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.

ಒಂದೇ ಬಗೆಯ ಮೂರು ಬಾಟಲಿಯಲ್ಲಿ ಮೊದಲನೆಯದನ್ನು ವರ್ಷದ ನಂತರ ತೆರೆದು ರುಚಿಯನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ, ಎರಡನೆಯದನ್ನು ಅದರ ಮರುವರ್ಷ ತೆರೆಯಿರಿ. ಒಗರು ಇಳಿದು ರುಚಿ ಬಿಚ್ಚಿಕೊಂಡಿದ್ದರೆ ಮೂರನೆಯದು ಇನ್ನೊಂದು ವರ್ಷ ಮಲಗಿರಲಿ. ಮೊದಲನೆಯದಕ್ಕಿಂತ ಸಪ್ಪೆಯಾಗಿದ್ದರೆ ಮೂರನೆಯದನ್ನು ಆ ವಾರವೇ ಕುಡಿದು ಮುಗಿಸಿ, ಬಾಟಲಿ ಇಟ್ಟಿದ್ದ ಜಾಗದಲ್ಲಿ ಮತ್ತೆ ಥರ್ಮಾಮೀಟರ್ ಇಟ್ಟು ನೋಡಿ.