ಅಜ್ಜಿಯ ನೋಟು ಪುಸ್ತಕ

ಉಯ್ಯಂಬಳ್ಳಿಯಲ್ಲಿ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಅವರ ಅತ್ತೆಗೆ ಬಾಯಿ ಕ್ಯಾನ್ಸರ್. "ಇನ್ನು ವಾಸಿಯಾಗಲ್ಲ, ಮನೇಲೇ ನೋಡ್ಕೊಳ್ಳಿ" ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ಇನ್ನೇನೂ ಮಾಡೋಕಾಗಲ್ಲ ಅಂತ ನಾವೂ ತಿಳಿದೆವು. ಅದು ತಪ್ಪು. ರೋಗ ವಾಸಿಯಾಗದಿದ್ದರೂ ನೋವು ಕಡಿಮೆ ಮಾಡಬಹುದು.

ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬರಲಿ ಅಂತ ಕಾಯಬಾರದು. ಇದರಿಂದ ಮಲ ಕಟ್ಟುತ್ತದೆ. ಅದಕ್ಕೂ ಔಷಧಿ ಕೇಳಿ ತರಬೇಕು. ಈ ಮಾತ್ರೆಯನ್ನು ಬೇರೆಯವರು ನುಂಗಬಾರದು.

ಅಕ್ಕ ಒಂದು ನೋಟು ಪುಸ್ತಕ ಇಟ್ಟರು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮಾತ್ರೆ ಕೊಟ್ಟಾಗ ಗೀಟು ಹಾಕಿದರು. 'ನೋವು ಜಾಸ್ತಿ', 'ಗಂಜಿ ಕುಡಿದರು' ಅಂತ ಬರೆದರು. ಕಾಗುಣಿತ ತಪ್ಪಿತ್ತು. ಇರಲಿ ಬಿಡಿ. ಮಗ ಆ ಪುಸ್ತಕ ಹಿಡಿದು ಆಸ್ಪತ್ರೆಗೆ ಹೋದ. ಡಾಕ್ಟರು ಓದಿ ನೋಡಿ, ಮಾತ್ರೆ ಹೆಚ್ಚಿಸಿದರು. ಅಜ್ಜಿ ಬಸ್ಸು ಹತ್ತುವುದು ತಪ್ಪಿತು.

ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ? ಬೆಂಗಳೂರಿನ ಮಾರತ್ತಹಳ್ಳಿ ಹತ್ತಿರ ಕರುಣಾಶ್ರಯ ಇದೆ. 1999ರಿಂದ ಅಲ್ಲಿ ಇಂಥ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಹೋಗುವಾಗ ಆಸ್ಪತ್ರೆಯ ಚೀಟಿಗಳು ಜೊತೆಗಿರಲಿ.

ಅಜ್ಜಿ "ಇಲ್ಲೇ ಇರ್ತೀನಿ ಕಣವ್ವ" ಅಂದರು. ರಾಗಿ ಕೊಯ್ಲಿನ ಹೊತ್ತಿಗೆ ಮನೆಯಲ್ಲೇ ತೀರಿಕೊಂಡರು. ಪುಸ್ತಕದ ಕೊನೆ ಸಾಲು: 'ರಾತ್ರಿ 10. ನಿದ್ದೆ ಮಾಡಿದರು.'

ಓದಿ, ಬರೆಯಿರಿ: ಮಾತ್ರೆ, ಗಂಟೆ, ನೋವು, ನಿದ್ದೆ.